ಕಡಲು ಗಂಡಸರಿಗೆ ಮಾತ್ರ ಸೃಷ್ಟಿಯಾದುದಲ್ಲ

ವಾರ್ಷಿಕ ಪರೀಕ್ಷೆ ಮುಗಿದ ಬಳಿಕ ಮಕ್ಕಳನ್ನು ಒಂದು ದಿನ ಎಲ್ಲಿಗಾದರೂ ಕರೆದೊಯ್ಯುವುದು ನಮ್ಮ ಕರಾವಳಿಯ ಅನೇಕ ಮದ್ರಸಗಳ ರೂಢಿ. ನಾನು ಕಲಿಸುವ ಮದ್ರಸದಲ್ಲಿಯೂ ಈ ವರ್ಷ ಅದರ ಮಾತು ಬಂತು. ಆಡಳಿತ ಸಮಿತಿಯ ಸಭೆ ಹತ್ತು ನಿಮಿಷಗಳಲ್ಲಿ ತೀರ್ಮಾನ ಮಾಡಿತು: ಗಂಡುಮಕ್ಕಳನ್ನು ಬಸ್ಸಿನಲ್ಲಿ ಕಾಪು ಕಡಲತೀರಕ್ಕೆ ಕರೆದೊಯ್ಯುವುದು, ಹೆಣ್ಣುಮಕ್ಕಳಿಗೆ ತಲಾ ಒಂದು ಸಿಹಿತಿಂಡಿಯ ಪೊಟ್ಟಣ ಹಂಚುವುದು. ಕಾರಣ ಕೇಳಿದಾಗ ಹಿರಿಯರೊಬ್ಬರು, "ಅದು ಫಿತ್ನಾದ ಜಾಗ, ಉಸ್ತಾದ್. ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದುಂಟೇ?" ಎಂದರು. ಫಿತ್ನಾದ ಜಾಗವಾದರೆ ಗಂಡುಮಕ್ಕಳನ್ನು ಏಕೆ ಕರೆದೊಯ್ಯಬೇಕು ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಆ ಕ್ಷಣಕ್ಕೆ ನಾನೂ ಕೇಳಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕೇಳಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಕುರ್‌ಆನ್ ಪಾರಾಯಣದಲ್ಲಿ ತರಗತಿಗೇ ಮೊದಲಿಗಳು. ಮರುದಿನ ಬೆಳಿಗ್ಗೆ ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು ನಿಂತು, "ಉಸ್ತಾದ್, ನಮಗೆ ಯಾಕೆ ಇಲ್ಲ?" ಎಂದಳು. ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಬಸ್ಸಿನಲ್ಲಿ ಜಾಗ ಸಾಲದು ಎಂದಿರಬೇಕು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವನು ಹೇಳಿದ ಆ ಸುಳ್ಳಿನ ಪ್ರಾಯಶ್ಚಿತ್ತವೆಂದೇ ಈ ಲೇಖನವನ್ನು ಓದುಗರು ಭಾವಿಸಬಹುದು.

ನಾನು ಹೇಳಬಯಸುವುದು ಇಷ್ಟೇ. ಹೆಂಡತಿ, ತಾಯಿ, ಮಕ್ಕಳನ್ನು ಕಟ್ಟಿಕೊಂಡು ಮಾನವಾಗಿ ಒಂದು ಸಂಜೆ ಕಡಲತೀರಕ್ಕೆ ಹೋಗಿಬರುವುದನ್ನು ಧರ್ಮ ನಿಷೇಧಿಸಿಲ್ಲ. ನಿಷೇಧಿಸಿದವರು ನಾವು, ಅದರಲ್ಲೂ ಗಂಡಸರು. ನಮ್ಮ ಪಾಲಿಗೆ ಕಡಲನ್ನು ಉಳಿಸಿಕೊಂಡು ಹೆಂಗಸರ ಪಾಲಿಗೆ ಫತ್ವಾವನ್ನು ಉಳಿಸಿದ್ದೇವೆ.

ಕಾಪುವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಉಡುಪಿಯಿಂದ ದಕ್ಷಿಣಕ್ಕೆ, ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಸಣ್ಣ ಪಟ್ಟಣವದು. ಹೆದ್ದಾರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಸ್ವಲ್ಪದರಲ್ಲೇ ಕಡಲು. ತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸಂಜೆಯ ಹೊತ್ತು ಟಿಕೆಟ್ ಪಡೆದು ಮೇಲೆ ಹತ್ತಬಹುದು. ಒಂದು ಕಡೆ ತೆಂಗಿನ ತೋಟಗಳ ಹಸಿರು, ಇನ್ನೊಂದು ಕಡೆ ಕೊನೆಯಿಲ್ಲದ ನೀರು. ಭಾನುವಾರ ಸಂಜೆ ಅಲ್ಲಿ ಎಲ್ಲ ಜಾತಿ ಮತಗಳ ಸಂಸಾರಗಳು ಸೇರುತ್ತವೆ. ಚರುಮುರಿ ತಿನ್ನುವ ಅಜ್ಜಿಯರು, ಮರಳಿನಲ್ಲಿ ಗುಂಡಿ ತೋಡುವ ಮಕ್ಕಳು, ಸೀರೆಯ ಅಂಚನ್ನು ಎತ್ತಿ ಹಿಡಿದು ಪಾದ ತೋಯಿಸಿಕೊಳ್ಳುವ ತಾಯಂದಿರು. ಅಲ್ಲಿ ನಡೆಯುವುದು ಹೆಚ್ಚಿನಂಶ ಇಷ್ಟೇ.

ಅಲ್ಲಿ ನಮ್ಮವರು ಎಲ್ಲಿರುತ್ತಾರೆ? ಗಂಡಸರು ಮತ್ತು ಹುಡುಗರು ನೀರಿನಲ್ಲಿರುತ್ತಾರೆ. ಪ್ಯಾಂಟು ಮಡಚಿ, ಅಂಗಿ ಕಳಚಿ ಅಲೆಗಳಿಗೆ ಎದೆಯೊಡ್ಡಿ ನಿಂತಿರುತ್ತಾರೆ. ಹೆಂಗಸರು ವಾಹನ ನಿಲುಗಡೆಯ ಜಾಗದಲ್ಲಿ ಕಾರಿನೊಳಗೆ ಗಾಜು ಇಳಿಸಿಕೊಂಡು ಕುಳಿತಿರುತ್ತಾರೆ, ಮಡಿಲಲ್ಲಿ ಗಂಡಂದಿರ ಮೊಬೈಲು, ಪಾಕೀಟು, ಒಣಬಟ್ಟೆ. ಈ ದೃಶ್ಯವನ್ನು ನಾನು ಎಷ್ಟು ಬಾರಿ ಕಂಡಿದ್ದೇನೆಂದರೆ ಅದು ಸಹಜವೆಂದೇ ಬಹುಕಾಲ ಭಾವಿಸಿದ್ದೆ.

ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ನಮ್ಮ ಮನೆಯಿಂದ ಕಡಲಿಗೆ ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆಷಾಢದ ರಾತ್ರಿಗಳಲ್ಲಿ ಕಡಲ ಮೊರೆತ ಮನೆಯೊಳಗೇ ಕೇಳಿಸುತ್ತಿತ್ತು. ಆ ಸದ್ದು ಕೇಳುತ್ತ ಮಲಗಿಸಿದ ನಮ್ಮನ್ನೆಲ್ಲ ಬೆಳೆಸಿ, ಮದುವೆ ಮಾಡಿಸಿ, ಮೊಮ್ಮಕ್ಕಳನ್ನು ಕಂಡ ಆಕೆ ಕಡಲನ್ನು ಹತ್ತಿರದಿಂದ ನೋಡಿದ್ದು ತಮ್ಮ ಅರುವತ್ತರ ಗಡಿ ದಾಟಿದ ಮೇಲೆ. ಅದೂ ನನ್ನ ಹೆಂಡತಿಯ ಒತ್ತಾಯದಿಂದ. ಕಾಪುವಿನ ಮರಳಿನ ಮೇಲೆ ಚಪ್ಪಲಿ ಕಳಚಿ ನಿಂತು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಮೆಲ್ಲನೆ "ಸುಬ್‌ಹಾನಲ್ಲಾಹ್" ಎಂದರು. ಆಮೇಲೆ ನನ್ನತ್ತ ತಿರುಗಿ, "ನೀನು ಸಣ್ಣವನಿದ್ದಾಗ ಇಲ್ಲಿಗೇ ಅಲ್ಲವೇ ಓಡಿಬರುತ್ತಿದ್ದುದು?" ಎಂದು ಕೇಳಿದರು. ಹೌದು ಎಂದೆ. ಇಷ್ಟು ವರ್ಷ ತಮ್ಮನ್ನೇಕೆ ಕರೆತರಲಿಲ್ಲ ಎಂದು ಅವರು ಕೇಳಲಿಲ್ಲ.

ಈಗ ವಿಷಯಕ್ಕೆ ಬರೋಣ. ಧರ್ಮ ಏನು ಹೇಳುತ್ತದೆ?

ಪವಿತ್ರ ಕುರ್‌ಆನ್ ಕಡಲನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಮತ್ತೆ ಮತ್ತೆ ಎತ್ತಿ ತೋರಿಸುತ್ತದೆ. ಅನ್ನಹ್ಲ್ ಅಧ್ಯಾಯವು ಕಡಲಿನಿಂದ ದೊರೆಯುವ ತಾಜಾ ಆಹಾರವನ್ನೂ, ಧರಿಸುವ ಆಭರಣವನ್ನೂ, ಅದನ್ನು ಸೀಳಿ ಸಾಗುವ ಹಡಗುಗಳನ್ನೂ ನೆನಪಿಸಿ ಕೃತಜ್ಞತೆಯನ್ನು ಬಯಸುತ್ತದೆ. ಅರ್‍ರಹ್ಮಾನ್ ಅಧ್ಯಾಯವು ಸಂಧಿಸಿಯೂ ಮೇರೆ ಮೀರದ ಎರಡು ಕಡಲುಗಳ ಕಡೆಗೆ ನಮ್ಮ ಗಮನ ಸೆಳೆಯುತ್ತದೆ. ಅಲ್ ಅನ್‌ಕಬೂತ್ ಅಧ್ಯಾಯದಲ್ಲಿ ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂದು ನೋಡುವಂತೆ ಆದೇಶವಿದೆ. ಈ ಯಾವ ಸೂಕ್ತವೂ ಗಂಡಸರನ್ನು ಮಾತ್ರ ಉದ್ದೇಶಿಸಿ ಅವತೀರ್ಣವಾದುದಲ್ಲ. ನಮ್ಮ ಹುಡುಗಿಯರು ಈ ಸೂಕ್ತಗಳನ್ನು ತಜ್ವೀದ್ ಸಹಿತ ಕಂಠಪಾಠ ಒಪ್ಪಿಸುತ್ತಾರೆ. ಆದರೆ ಅವು ತೋರಿಸುವ ವಸ್ತುವನ್ನು ಅವರು ನೋಡಬಾರದು! ಅರಬಿ ಅಕ್ಷರದಲ್ಲಿ 'ಬಹ್ರ್' ಎಂದು ಬರೆಯಲು ಕಲಿಸಿ, ನಾಲ್ಕು ಕಿಲೋಮೀಟರಿನಲ್ಲಿರುವ ಬಹ್ರನ್ನು ಮುಚ್ಚಿಡುವುದು ಎಂತಹ ಶಿಕ್ಷಣ?

ಹದೀಸ್ ಗ್ರಂಥಗಳನ್ನು ತೆರೆಯೋಣ. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಪ್ರಸಂಗವೊಂದು ಎಲ್ಲ ಉಸ್ತಾದರಿಗೂ ಗೊತ್ತು. ಒಂದು ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳನ್ನು ಹಿಡಿದು ಆಟವಾಡುತ್ತಿದ್ದಾಗ ಪ್ರವಾದಿ(ಸ)ಯವರು ಹಝ್ರತ್ ಆಯಿಶಾ(ರ)ರಿಗೆ ತಮ್ಮ ಬಟ್ಟೆಯನ್ನು ಮರೆಮಾಡಿ ನಿಂತು ಅದನ್ನು ನೋಡಲು ಅವಕಾಶ ಮಾಡಿಕೊಟ್ಟರು. ಆಕೆಗೆ ಸಾಕೆನಿಸುವ ತನಕವೂ ನಿಂತರು. ಇಲ್ಲಿ ಗಮನಿಸಬೇಕಾದುದು ಎರಡು. ಮರೆ ಇತ್ತು, ನೋಟವೂ ಇತ್ತು. ನಾವು ಮರೆಯನ್ನು ಇಟ್ಟುಕೊಂಡು ನೋಟವನ್ನು ಕಿತ್ತುಕೊಂಡಿದ್ದೇವೆ. ಇನ್ನು ಪ್ರಯಾಣವೊಂದರಲ್ಲಿ ಪ್ರವಾದಿ(ಸ)ಯವರು ಪತ್ನಿಯೊಂದಿಗೆ ಓಟದ ಪಂದ್ಯ ನಡೆಸಿದ್ದು, ಮೊದಲ ಬಾರಿ ಆಕೆ ಗೆದ್ದದ್ದು, ಕೆಲಕಾಲದ ಬಳಿಕ ಅವರು ಗೆದ್ದು ಹಳೆಯ ಸೋಲಿಗೆ ಇದು ಸಮವಾಯಿತೆಂದು ವಿನೋದ ಮಾಡಿದ್ದು ಅಬೂದಾವೂದಿನಲ್ಲಿದೆ. ಈ ಹದೀಸನ್ನು ನಾವು ಮದುವೆಯ ಸಭೆಗಳಲ್ಲಿ ಹೇಳಿ ಜನರನ್ನು ನಗಿಸುತ್ತೇವೆ, ಮನೆಗೆ ಬಂದು ಮರೆತುಬಿಡುತ್ತೇವೆ.

ಎಲ್ಲಕ್ಕಿಂತ ಮಿಗಿಲಾದುದು ಉಮ್ಮು ಹರಾಂ ಬಿಂತಿ ಮಿಲ್‌ಹಾನ್(ರ)ರ ಚರಿತ್ರೆ. ಪ್ರವಾದಿ(ಸ)ಯವರು ಆಕೆಯ ಮನೆಯಲ್ಲಿ ವಿಶ್ರಮಿಸಿ ನಗುತ್ತ ಎದ್ದು, ತಮ್ಮ ಸಮುದಾಯದ ಕೆಲವರು ಸಿಂಹಾಸನವೇರಿದ ಅರಸರಂತೆ ಕಡಲಿನ ಮೇಲೆ ಸಾಗುವುದನ್ನು ಕನಸಿನಲ್ಲಿ ಕಂಡೆನೆಂದರು. ತಾನೂ ಅವರಲ್ಲಿ ಒಬ್ಬಳಾಗುವಂತೆ ಪ್ರಾರ್ಥಿಸಿರೆಂದು ಆಕೆ ಬೇಡಿದರು. ಹೆಂಗಸಿಗೇಕೆ ಕಡಲಿನ ಆಸೆ ಎಂದು ಪ್ರವಾದಿ(ಸ)ಯವರು ಗದರಲಿಲ್ಲ. ಪ್ರಾರ್ಥಿಸಿದರು. ಹಝ್ರತ್ ಉಸ್ಮಾನ್(ರ)ರ ಖಿಲಾಫತ್ತಿನ ಕಾಲದಲ್ಲಿ, ಹಿಜರಿ 28ರ ಸುಮಾರಿಗೆ, ಆಕೆ ಪತಿಯೊಂದಿಗೆ ಹಡಗೇರಿ ಸೈಪ್ರಸ್‌ಗೆ ಹೋದರು. ಅಲ್ಲಿ ವಾಹನದ ಪ್ರಾಣಿಯಿಂದ ಬಿದ್ದು ಮರಣ ಹೊಂದಿದರು. ಆಕೆಯದೆಂದು ನಂಬಲಾದ ಸಮಾಧಿ ಲಾರ್ನಾಕಾ ಪಟ್ಟಣದ ಬಳಿ ಉಪ್ಪುನೀರಿನ ಸರೋವರದ ದಡದಲ್ಲಿ ಇಂದಿಗೂ ಇದೆ. ಕಡಲನ್ನು ದಾಟಿದ ಸಹಾಬಿ ಮಹಿಳೆಯ ಕಥೆಯನ್ನು ಪಾಠಪುಸ್ತಕದಲ್ಲಿಟ್ಟವರು ಕಡಲಲ್ಲಿ ಪಾದ ತೋಯಿಸುವ ಹುಡುಗಿಯನ್ನು ಕಂಡು ಬೆಚ್ಚುತ್ತೇವೆ.

"ಕಾಲ ಬದಲಾಗಿದೆ, ಇಂದಿನ ಬೀಚುಗಳ ಸ್ಥಿತಿ ನಿಮಗೆ ಗೊತ್ತಿಲ್ಲವೇ?" ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಗೊತ್ತಿದೆ. ಅರೆಬಟ್ಟೆಯ ಸ್ನಾನ, ಬಂಡೆಗಳ ಮರೆಯ ಮದ್ಯದ ಬಾಟಲಿ, ರೀಲ್ಸ್ ಹುಚ್ಚು, ಎಲ್ಲವನ್ನೂ ಕಂಡಿದ್ದೇನೆ. ಕೆಡುಕಿನ ದಾರಿಯನ್ನು ಮೊದಲೇ ಮುಚ್ಚಬೇಕೆಂಬ ವಿದ್ವಾಂಸರ ತತ್ವವನ್ನೂ ಓದಿದ್ದೇನೆ. ಆದರೆ ದಾರಿಯನ್ನು ಮುಚ್ಚುವುದೆಂದರೆ ಅರ್ಧ ಜನರಿಗೆ ಮಾತ್ರ ಮುಚ್ಚುವುದೇ? ಆ ತತ್ವವನ್ನು ಪ್ರಾಮಾಣಿಕವಾಗಿ ಬಳಸುವುದಾದರೆ ಮೊದಲು ಬೀಗ ಬೀಳಬೇಕಾದುದು ನಮ್ಮ ಮದುವೆಯ ಹಾಲುಗಳಿಗೆ. ಲಕ್ಷಗಟ್ಟಲೆ ಬಾಡಿಗೆಯ ಸಭಾಂಗಣದಲ್ಲಿ ಮದುಮಗಳನ್ನು ವೇದಿಕೆಯ ದೀಪದ ಕೆಳಗೆ ಕೂರಿಸಿ ಅಪರಿಚಿತ ಛಾಯಾಗ್ರಾಹಕರು ಗಂಟೆಗಟ್ಟಲೆ ಚಿತ್ರ ತೆಗೆಯುವಾಗ ಫಿತ್ನಾ ಎಂಬ ಶಬ್ದ ಯಾರ ಬಾಯಿಂದಲೂ ಹೊರಡುವುದಿಲ್ಲ. ಅಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತು ದುಆ ಮಾಡಿ ಬಿರಿಯಾನಿ ಉಂಡು ಬರುತ್ತೇವೆ. ಚಿನ್ನದ ಮಳಿಗೆಗೂ ಮಾಲಿಗೂ ಹೆಂಗಸರು ಹೋಗಬಹುದು, ಏಕೆಂದರೆ ಅಲ್ಲಿ ಹಣ ಕೈಬದಲಾಗುತ್ತದೆ. ಕಡಲಿನ ಗಾಳಿಗೆ ಬೆಲೆಯಿಲ್ಲವಾದುದರಿಂದ ಅದು ಮಾತ್ರ ಹರಾಮ್!

ಇದರಲ್ಲಿ ಬಡವರ ಪ್ರಶ್ನೆಯೂ ಇದೆ. ಸಿರಿವಂತರ ಮನೆಯ ಹೆಂಗಸರು ದುಬೈ, ಕಾಶ್ಮೀರ ನೋಡಿ ಬರುತ್ತಾರೆ, ಯಾರೂ ಖಂಡಿಸುವುದಿಲ್ಲ. ದಿನವಿಡೀ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಕತ್ತರಿಸಿ ಬೀಡಿ ಸುತ್ತುವ ಹೆಣ್ಣುಮಗಳಿಗೆ ಬಸ್ಸಿನ ಟಿಕೆಟಿನ ಖರ್ಚಿನಲ್ಲಿ ದಕ್ಕುವ ಏಕೈಕ ಪ್ರವಾಸ ಈ ಕಡಲತೀರ. ನಮ್ಮ ಕಟು ಉಪದೇಶ ತಟ್ಟುವುದು ಆಕೆಗೆ ಮಾತ್ರ. ಕುಟುಂಬಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಸಲ್ಮಾನ್(ರ)ರು ಅಬುದ್ದರ್ದಾಅ್(ರ)ರಿಗೆ ಹೇಳಿದಾಗ ಪ್ರವಾದಿ(ಸ)ಯವರು ಅದು ಸತ್ಯವೆಂದು ಒಪ್ಪಿದ್ದರು. ಸದಾ ನಮಾಝ್, ಉಪವಾಸದಲ್ಲೇ ಮುಳುಗಿ ಹೆಂಡತಿಯನ್ನು ಕಡೆಗಣಿಸಿದ್ದವರಿಗೆ ಆ ಮಾತು. ಚಹಾದಂಗಡಿಯಲ್ಲಿ ರಾತ್ರಿ ಹತ್ತರ ತನಕ ಕುಳಿತು ಹೆಂಡತಿಯನ್ನು ಕಡೆಗಣಿಸುವ ನಮಗೆ ಏನು ಹೇಳುತ್ತಿದ್ದರೋ.

ಹಾಗಾದರೆ ಖಂಡಿಸಬೇಕಾದುದೇನೂ ಇಲ್ಲವೇ? ಇದೆ, ಬೇಕಾದಷ್ಟಿದೆ. ನಾವು ಖಂಡಿಸುವ ದಿಕ್ಕು ಮಾತ್ರ ತಪ್ಪಾಗಿದೆ.

ದಾರಿಬದಿಯಲ್ಲಿ ಕುಳಿತುಕೊಳ್ಳುವುದನ್ನು ಪ್ರವಾದಿ(ಸ)ಯವರು ಒಮ್ಮೆ ತಡೆದಾಗ, ಮಾತುಕತೆಗೆ ಬೇರೆ ಜಾಗವಿಲ್ಲವೆಂದು ಅನುಚರರು ಹೇಳಿಕೊಂಡರು. ಹಾಗಿದ್ದರೆ ದಾರಿಯ ಹಕ್ಕನ್ನು ಸಲ್ಲಿಸಿರೆಂದರು. ಆ ಹಕ್ಕುಗಳಲ್ಲಿ ಮೊದಲನೆಯದು ದೃಷ್ಟಿಯನ್ನು ತಗ್ಗಿಸುವುದು. ಬಳಿಕ ಇತರರಿಗೆ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು. ಸಾರ್ವಜನಿಕ ಸ್ಥಳದ ಶಿಷ್ಟಾಚಾರಕ್ಕೆ ಇದಕ್ಕಿಂತ ಉತ್ತಮ ಮಾರ್ಗಸೂಚಿ ನನಗೆ ತಿಳಿದಿಲ್ಲ. ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ವಿಶ್ವಾಸಿ ಪುರುಷರಿಗೆ, ಅದರ ನಂತರದ ಸೂಕ್ತದಲ್ಲಿ ಸ್ತ್ರೀಯರಿಗೆ. ನಮ್ಮ ಭಾಷಣಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಹೆಂಗಸರ ಉಡುಪಿನ ಮೇಲೆ ಮುಕ್ಕಾಲು ಗಂಟೆ, ಗಂಡಸರ ಕಣ್ಣಿನ ಮೇಲೆ ಮುಕ್ಕಾಲು ನಿಮಿಷ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಪುರುಷನೂ ಮರೆಮಾಡಬೇಕೆಂಬ ಫಿಕ್‌ಹ್ ಪಾಠವನ್ನು ಮದ್ರಸದಲ್ಲಿ ಓದಿದ ಹುಡುಗನೇ ಒದ್ದೆ ಚಡ್ಡಿಯಲ್ಲಿ ತೀರದುದ್ದಕ್ಕೂ ಓಡಾಡುತ್ತಾನೆ. ಅವನ ಬಗ್ಗೆ ಯಾವ ಸಮಿತಿಯೂ ಸಭೆ ಸೇರಿಲ್ಲ.

ಇನ್ನು ಕಸ. ಈದಿನ ಮರುದಿನ ಬೆಳಿಗ್ಗೆ ಯಾವುದೇ ಕಡಲತೀರಕ್ಕೆ ಹೋಗಿ ನೋಡಿ. ಬಿರಿಯಾನಿಯ ಎಲುಬು, ಥರ್ಮೋಕೋಲ್ ತಟ್ಟೆ, ಮಗುವಿನ ಡಯಪರ್, ನೀರಿನ ಬಾಟಲಿ. ಅಯ್ಯೋ, ಇದು ನಮ್ಮದೇ ಎಂದು ಗುರುತು ಹಿಡಿಯುವುದು ಕಷ್ಟವಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲಿ ಒಂದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ಶಾಖೆಯನ್ನು ತೀರದಲ್ಲಿ ಬಿಟ್ಟು ಬರುತ್ತೇವೆ. ಅದನ್ನು ಹೆಕ್ಕುವವರು ಮರುದಿನ ಬರುವ ಪೌರಕಾರ್ಮಿಕರು, ಇಲ್ಲವೇ ಬಲೆಯಲ್ಲಿ ಮೀನಿನ ಜೊತೆ ಪ್ಲಾಸ್ಟಿಕ್ಕನ್ನೂ ಎಳೆಯುವ ಮೊಗವೀರರು. ನೆರೆಯವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನು ಮೂಡಬೇಕು?

ನಮಾಝಿನ ವಿಷಯ ಇನ್ನೂ ವಿಚಿತ್ರ. ಕಾಪುವಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲೆಂದೇ ಜನ ಬರುತ್ತಾರೆ. ಸೂರ್ಯ ಮುಳುಗುವ ಕ್ಷಣವೇ ಮಗ್ರಿಬಿನ ಸಮಯ. ಆಕಾಶವೇ ಬಾಂಗಿನ ಗಳಿಗೆಯನ್ನು ಸಾರುತ್ತಿರುವಾಗ ಅದರ ಚಿತ್ರ ತೆಗೆದುಕೊಂಡು ಮಗ್ರಿಬನ್ನು ಕಳೆದುಕೊಳ್ಳುವವರನ್ನು ಏನೆನ್ನೋಣ! ವುಝೂವಿಗೆ ನೀರಿಲ್ಲ ಎಂಬ ನೆಪವೂ ನಡೆಯದು. ಕಡಲಿನ ನೀರಿನಿಂದ ವುಝೂ ಮಾಡಬಹುದೇ ಎಂದು ಕೇಳಿದವನಿಗೆ ಪ್ರವಾದಿ(ಸ)ಯವರು ಅದರ ನೀರು ಶುದ್ಧ, ಅದರಲ್ಲಿ ಸತ್ತದ್ದೂ ಹಲಾಲ್ ಎಂದು ಉತ್ತರಿಸಿದ್ದಾರೆ. ಭೂಮಿಯೇ ಮಸೀದಿಯಾಗಿರುವಾಗ ಮರಳಿಗೇನು ಕೊರತೆ? ಜನರ ನಡಿಗೆಗೆ ಅಡ್ಡಿಯಾಗದಂತೆ ಒಂದು ಬದಿಯಲ್ಲಿ ಚಾಪೆ ಹಾಸಿ ಐದಾರು ನಿಮಿಷಗಳಲ್ಲಿ ಮುಗಿಸಿದರಾಯಿತು. ಪ್ರದರ್ಶನ ಬೇಡ, ಧ್ವನಿವರ್ಧಕ ಬೇಡ.

ಅತ್ಯಂತ ಗಂಭೀರವಾದ ವಿಷಯವೆಂದರೆ ಪ್ರಾಣ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಪ್ರತಿ ವರ್ಷ ಈದ್ ರಜೆಯಲ್ಲಿ ಎಲ್ಲಿಯಾದರೂ ಒಬ್ಬ ಹುಡುಗನ ಸುದ್ದಿ ಬರದೆ ಹೋಗುವುದು ಅಪರೂಪ. ಕೈಯಾರೆ ನಿಮ್ಮನ್ನು ವಿನಾಶಕ್ಕೆ ದೂಡಿಕೊಳ್ಳಬೇಡಿರೆಂಬ ಕುರ್‌ಆನಿನ ಎಚ್ಚರಿಕೆಯನ್ನು ಈ ಸಂದರ್ಭದಲ್ಲಿ ಯಾವ ಖತೀಬರು ನೆನಪಿಸಿದ್ದಾರೆ? ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಯನ್ನೇ ಸರಕಾರ ನಿಷೇಧಿಸುತ್ತದೆ. ಕಡಲನ್ನೇ ಉಸಿರಾಡುವವರು ದೋಣಿ ಇಳಿಸದ ಆ ದಿನಗಳಲ್ಲಿ ಘಟ್ಟದ ಮೇಲಿನಿಂದ ಬಂದ ಹುಡುಗರು ನೀರಿಗೆ ಹಾರುತ್ತಾರೆ. ದೀಪಸ್ತಂಭದ ಸುತ್ತಲಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಅಲ್ಲಿ ನಿಂತು ಸೆಲ್ಫಿ ತೆಗೆಯುವುದು ಹುಂಬತನ. ಬುರ್ಖಾ ಧರಿಸಿದ ಸಹೋದರಿಯರೂ ಒಂದು ಮಾತು ಗಮನಿಸಬೇಕು. ಒದ್ದೆಯಾದ ಉದ್ದನೆಯ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಿಂದಕ್ಕೆಳೆಯುವ ಅಲೆಯಲ್ಲಿ ಕಲ್ಲಿನಂತೆ ಭಾರವಾಗುತ್ತದೆ. ಪಾದ ಮುಳುಗುವಷ್ಟೇ ನೀರು ಸಾಕು. ಜೀವರಕ್ಷಕ ಸೀಟಿ ಊದಿದರೆ ಅದು ಆದೇಶವೆಂದೇ ತಿಳಿಯಿರಿ. ಸೌಕರ್ಯವಿರುವ ಜಾಗವನ್ನೇ ಆರಿಸಿಕೊಳ್ಳುವುದೂ ಜಾಣತನ. ಕಾಪುವಿನಿಂದ ಇನ್ನಷ್ಟು ದಕ್ಷಿಣಕ್ಕಿರುವ ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ದೊರೆತಿದೆ. ಶೌಚಾಲಯ, ಸ್ವಚ್ಛತೆ, ಜೀವರಕ್ಷಕರು ಇಲ್ಲದಿದ್ದರೆ ಆ ಮಾನ್ಯತೆ ಸಿಗುವುದಿಲ್ಲ. ಮಕ್ಕಳು ಮುದುಕರಿರುವ ಸಂಸಾರಕ್ಕೆ ಒಂದು ಶೌಚಾಲಯ ಎಷ್ಟು ದೊಡ್ಡ ಸಂಗತಿಯೆಂಬುದು ಕಾರಿನಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ, ಹೇಳಲು ಕಹಿಯಾದ ಒಂದು ಮಾತು. 2023ರ ಜೂನ್‌ನಲ್ಲಿ ಉಳ್ಳಾಲ ಬಳಿಯ ಸೋಮೇಶ್ವರ ಕಡಲತೀರದಲ್ಲಿ, ಅನ್ಯಧರ್ಮದ ಸಹಪಾಠಿನಿಯರ ಜೊತೆಗಿದ್ದರೆಂಬ ಕಾರಣಕ್ಕೆ ನಮ್ಮ ಸಮುದಾಯದ ವಿದ್ಯಾರ್ಥಿಗಳ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ನಾವೆಲ್ಲರೂ ಅದನ್ನು ಅನೈತಿಕ ಪೊಲೀಸ್‌ಗಿರಿ ಎಂದು ಖಂಡಿಸಿದೆವು, ಸರಿಯಾಗಿಯೇ ಖಂಡಿಸಿದೆವು. ಆದರೆ ತಲೆವಸ್ತ್ರ ಧರಿಸಿದ ಹುಡುಗಿಯೊಬ್ಬಳು ಸಾರ್ವಜನಿಕ ಸ್ಥಳದಲ್ಲಿ ಕಂಡರೆ ಮೊಬೈಲ್ ಎತ್ತಿ ವೀಡಿಯೊ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಂಚುವ ತರುಣರು ನಮ್ಮಲ್ಲಿ ಇಲ್ಲವೇ? ಅಲ್ ಹುಜುರಾತ್ ಅಧ್ಯಾಯವು ಗೂಢಚಾರಿಕೆಯನ್ನೂ ಪರನಿಂದೆಯನ್ನೂ ಒಟ್ಟಿಗೆ ನಿಷೇಧಿಸಿ, ಪರನಿಂದೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಆ ವೀಡಿಯೊದ ಭಯದಿಂದಲೇ ಎಷ್ಟೋ ತಂದೆಯಂದಿರು ಹೆಣ್ಣುಮಕ್ಕಳನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಎದುರು ಪಾಳಯದ ಕೋಲನ್ನು ಖಂಡಿಸುವವರ ಕೈಯಲ್ಲೂ ಕೋಲಿದ್ದರೆ ನಮ್ಮ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಇದು ಅರಬ್ಬೀ ಸಮುದ್ರ. ನಮ್ಮ ಹಿರಿಯರಿಗೆ ದೀನ್ ತಲುಪಿದ್ದು ಈ ನೀರಿನ ಮೇಲೆ ಬಂದ ವ್ಯಾಪಾರಿಗಳ ಮೂಲಕ. ಬ್ಯಾರಿ ಎಂಬ ಹೆಸರೇ ವ್ಯಾಪಾರವೆಂಬ ಅರ್ಥದ ತುಳುವಿನ 'ಬ್ಯಾರ'ದಿಂದ ಬಂದುದೆಂದು ಹೇಳುವವರಿದ್ದಾರೆ. ಕಡಲಿನಿಂದ ಬಂದ ಸಮುದಾಯವೊಂದು ತನ್ನ ಹೆಣ್ಣುಮಕ್ಕಳಿಗೆ ಕಡಲನ್ನು ಅಪರಿಚಿತವಾಗಿಸಿದ್ದು ಹೇಗೆಂದು ನನಗೆ ಇಂದಿಗೂ ಅರ್ಥವಾಗುವುದಿಲ್ಲ.

ಸಭೆಯಲ್ಲಿ ಫಿತ್ನಾದ ಮಾತೆತ್ತಿದ ಹಿರಿಯರನ್ನು ಕಳೆದ ಶುಕ್ರವಾರ ಜುಮುಆದ ಬಳಿಕ ಭೇಟಿಯಾದೆ. ಒಳ್ಳೆಯ ಮನುಷ್ಯ, ಮದ್ರಸದ ಕಟ್ಟಡಕ್ಕೆ ತಮ್ಮ ಜಾಗವನ್ನೇ ಕೊಟ್ಟವರು. "ಹಾಜಿಕ್ಕ, ಮನೆಯಲ್ಲಿ ಹಾಜಿರಮ್ಮ ಕಡಲು ನೋಡಿದ್ದಾರೆಯೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಜ್ಜಿಗೆ ಹೋಗುವಾಗ ವಿಮಾನದ ಕಿಟಕಿಯಿಂದ ನೋಡಿರಬೇಕು. ಅವಳು ಯಾವತ್ತೂ ಕೇಳಿಲ್ಲ" ಎಂದರು. ನಾನು ಎರಡನೆಯ ಬಸ್ಸಿನ ಲೆಕ್ಕವನ್ನು ಅವರ ಕೈಗಿತ್ತೆ. ಹೆಣ್ಣುಮಕ್ಕಳು, ಜೊತೆಗೆ ಬರಲು ಒಪ್ಪಿದ ಹನ್ನೊಂದು ಮಂದಿ ತಾಯಂದಿರು, ಅಸರ್ ನಮಾಝ್ ಮುಗಿಸಿ ಹೊರಡುವುದು, ಪಡುಬಿದ್ರಿ, ನೀರಿಗೆ ಪಾದದಷ್ಟೇ, ಮಗ್ರಿಬ್ ಅಲ್ಲಿಯೇ ಜಮಾಅತ್ತಾಗಿ, ಕಸಕ್ಕೆ ನಾಲ್ಕು ಗೋಣಿಚೀಲ. ಕನ್ನಡಕ ಹಾಕಿಕೊಂಡು ಅದನ್ನು ಎರಡು ಬಾರಿ ಓದಿದರು. ಸಮಿತಿ ಬರುವ ಆದಿತ್ಯವಾರ ಇಶಾ ನಮಾಝಿನ ಬಳಿಕ ಮತ್ತೆ ಸೇರುತ್ತಿದೆ. ಸಿಹಿತಿಂಡಿಯ ಪೊಟ್ಟಣಗಳಿಗೆ ಅಂಗಡಿಯವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ.